ಘಟ್ಟದ ಹಳ್ಳಿಯಿಂದ ಪಾದದ ತಜ್ಞರವರೆಗೆ: ಮಳೆ ಹಿಡಿಯುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಹಲ್ಲುನೋವಿನವರು ಮುಖಕ್ಕೊಂದು ವಸ್ತ್ರ ಸುತ್ತಿಕೊಂಡು ಬಸ್ಸಿನ ದಾರಿಯವರೆಗೆ ನಡೆದಾರು. ಪಾದ ಕೆಟ್ಟವರಿಗೆ ಮನೆಯ ಮುಂದಿನ ಕಾಲುಸಂಕವನ್ನು ದಾಟುವುದೇ ದೊಡ್ಡ ಪ್ರಯಾಣವಾಗುತ್ತದೆ. ಜೋಯಿಡಾದ ಕಾಡಿನೊಳಗಿನ ಮಜಿರೆಗಳಲ್ಲಿ, ಸಿದ್ದಾಪುರ ಮತ್ತು ಶಿರಸಿಯ ಕೊಳ್ಳದ ತೋಟದ ಮನೆಗಳಲ್ಲಿ, ಅಂಕೋಲಾ ಮತ್ತು ಕುಮಟಾದ ಘಟ್ಟದ ಬುಡದ ಕೇರಿಗಳಲ್ಲಿ ಇರುವವರು ಪಾದದ ಚಿಕಿತ್ಸೆಯನ್ನು ಆಸ್ಪತ್ರೆಗೆ ಹೋಗುವ ದಿನ ಆರಂಭಿಸಿದರೆ ಅದಾಗಲೇ ತಡವಾಗಿರುತ್ತದೆ. ಅದು ಬಚ್ಚಲಮನೆಯಲ್ಲಿ, ಮೇ ತಿಂಗಳಿನಲ್ಲಿ, ಕಾಲು ಚೆನ್ನಾಗಿರುವಾಗಲೇ ಆರಂಭವಾಗಬೇಕು.

ನಮ್ಮ ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಪಾದದ ಸ್ಪರ್ಶ ಹೋಗಿದ್ದು ಅವರಿಗೂ ಗೊತ್ತಿರಲಿಲ್ಲ. ಸೊಪ್ಪಿನ ಬೆಟ್ಟದಲ್ಲಿ ಹೊಕ್ಕ ಬಿದಿರುಮುಳ್ಳು ಒಂಬತ್ತು ದಿನ ಒಳಗೇ ಇತ್ತು, ಮನೆಯವರಿಗೆ ಅದು ತಿಳಿದದ್ದು ವಾಸನೆಯಿಂದ. ಪೇಟೆಯ ಒಂದು ದವಾಖಾನೆಯಲ್ಲಿ ಕಟ್ಟಿದ ಬಟ್ಟೆಯನ್ನು ಬಿಚ್ಚದೆಯೇ ಮಾತ್ರೆ ಬರೆದುಕೊಟ್ಟರು, ಅದರಲ್ಲಿ ಮತ್ತೊಂದು ವಾರ ಕಳೆಯಿತು. ಕೊನೆಗೆ ಹುಬ್ಬಳ್ಳಿಯಲ್ಲಿ ಎರಡು ಬೆರಳನ್ನು ತೆಗೆಯಬೇಕಾಯಿತು. ಮುಂದೆ ಹೇಳುವುದರಲ್ಲಿ ಬಹುಪಾಲು ಆ ಹದಿನಾರು ದಿನಗಳಲ್ಲಿ ನಾವು ಏನನ್ನು ಮಾಡಬಹುದಿತ್ತು ಎಂಬುದೇ ಆಗಿದೆ.

ಮನೆಯಲ್ಲಿ ಮಾಡುವ ಪರೀಕ್ಷೆ

ಸಕ್ಕರೆ ಕಾಯಿಲೆಯವರು, ಹಿಂದೆ ಕುಷ್ಠರೋಗಕ್ಕೆ ಚಿಕಿತ್ಸೆ ಪಡೆದವರು, ಬಹುಕಾಲ ಬೀಡಿ ಸೇದಿದವರು ಮತ್ತು ಮೊದಲೊಮ್ಮೆ ಪಾದದಲ್ಲಿ ಹುಣ್ಣಾಗಿದ್ದವರು ಪ್ರತಿದಿನ ಸಂಜೆ ಕಾಲು ತೊಳೆದ ಮೇಲೆ ಪಾದವನ್ನು ಬೆಳಕಿನಲ್ಲಿ ನೋಡಿಕೊಳ್ಳಬೇಕು. ಅಂಗಾಲು ಸ್ವಂತ ಕಣ್ಣಿಗೆ ಕಾಣದಿದ್ದರೆ ನೆಲದ ಮೇಲೆ ಕನ್ನಡಿಯಿಟ್ಟು ನೋಡಬಹುದು, ಇಲ್ಲವೇ ಮನೆಯ ಮಕ್ಕಳಿಗೆ ಆ ಕೆಲಸವನ್ನು ಒಪ್ಪಿಸಬಹುದು; ಮಕ್ಕಳ ಕಣ್ಣು ಚುರುಕು, ಸಂಕೋಚವೂ ಕಡಿಮೆ. ಬೆರಳಸಂದಿಯ ಬಿಳಿ ಕೊಳೆತ, ಹಿಮ್ಮಡಿಯ ಒಡಕಿನ ಆಳ, ಆಣಿಯ ಕೆಳಗಿನ ಕಪ್ಪು ಕಲೆ, ಗುಳ್ಳೆ, ಉಂಬಳ ಕಚ್ಚಿದ ಜಾಗದ ಕೆಂಪು ಇವುಗಳನ್ನು ಗಮನಿಸಬೇಕು. ಆಣಿಯ ಕೆಳಗೆ ಕಪ್ಪಾಗಿದ್ದರೆ ಒಳಗೆ ರಕ್ತ ಇಳಿದಿದೆ, ಹುಣ್ಣು ಹುಟ್ಟುತ್ತಿದೆ ಎಂದು ತಿಳಿಯಬೇಕು.

ಸ್ಪರ್ಶವನ್ನು ಪರೀಕ್ಷಿಸಲು ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಒಂದು ಸುಲಭ ಕ್ರಮವಿದೆ, ಅದಕ್ಕೆ ಯಾವ ಉಪಕರಣವೂ ಬೇಡ. ಪರೀಕ್ಷೆಗೆ ಒಳಗಾಗುವವರು ಕಣ್ಣು ಮುಚ್ಚಿ ಮಲಗಿರಬೇಕು. ಇನ್ನೊಬ್ಬರು ತೋರುಬೆರಳಿನ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು ಮತ್ತು ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಗೊತ್ತಾಗಲಿಲ್ಲವೆಂದು ಎರಡನೆಯ ಸಲ ಮುಟ್ಟಲೂ ಬಾರದು. ಒಟ್ಟು ಆರು ಬೆರಳುಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಮುಟ್ಟಿದ್ದು ತಿಳಿಯದಿದ್ದರೆ ಪಾದದ ಸ್ಪರ್ಶ ಕುಗ್ಗಿದೆ ಎಂದು ಭಾವಿಸಿ ವೈದ್ಯರಿಗೆ ತೋರಿಸಬೇಕು. ಅಲ್ಲಿ ಅವರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದಲೂ 128 ಹರ್ಟ್ಸ್‌ನ ಶ್ರುತಿಕವೆಯಿಂದಲೂ ಅದನ್ನು ಖಚಿತಪಡಿಸಿಕೊಳ್ಳುತ್ತಾರೆ, ಪಾದದ ಮೇಲಿನ ಮತ್ತು ಹರಡಿನ (ಪಾದ ಕಾಲಿಗೆ ಸೇರುವ ಕೀಲಿನ) ಒಳ ಎಲುಬಿನ ಹಿಂದಿನ ನಾಡಿಯನ್ನೂ ಮುಟ್ಟಿ ನೋಡುತ್ತಾರೆ. ಸ್ಪರ್ಶವೂ ನಾಡಿಯೂ ಸರಿಯಿದ್ದವರಿಗೆ ವರ್ಷಕ್ಕೊಂದು ತಪಾಸಣೆ ಸಾಕು; ಸ್ಪರ್ಶ ಕುಗ್ಗಿ ಜೊತೆಗೆ ರಕ್ತಸಂಚಾರವೂ ಕುಗ್ಗಿದ್ದರೆ ಅಥವಾ ಪಾದದ ಆಕಾರ ಬದಲಾಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ, ಸ್ಪರ್ಶ ಕುಗ್ಗಿದವರಲ್ಲಿ ಹಿಂದೊಮ್ಮೆ ಹುಣ್ಣಾಗಿದ್ದವರು ಅಥವಾ ಬೆರಳು ಕಳೆದುಕೊಂಡವರು ಒಂದರಿಂದ ಮೂರು ತಿಂಗಳಿಗೊಮ್ಮೆ ತೋರಿಸಬೇಕೆಂಬುದು ತಜ್ಞರು ಒಪ್ಪಿದ ಲೆಕ್ಕ.

ಸ್ಪರ್ಶವಿಲ್ಲದ ಪಾದಕ್ಕೆ ನಮ್ಮ ಮನೆಗಳಲ್ಲಿ ಮುಳ್ಳಿಗಿಂತ ದೊಡ್ಡ ಅಪಾಯ ಬೆಂಕಿಯದು. ಆಷಾಢದ ಥಂಡಿಯಲ್ಲಿ ಹೊಡಸಲಿನ ಮುಂದೆ ಕಾಲು ಚಾಚಿ ಕೂರುವುದು ಹಿತವೆನಿಸುತ್ತದೆ, ಆದರೆ ಬಿಸಿ ತಿಳಿಯದ ಚರ್ಮ ಸುಟ್ಟು ಗುಳ್ಳೆಯೆದ್ದದ್ದು ಮರುದಿನ ಬೆಳಿಗ್ಗೆಯೇ ಗೊತ್ತಾಗುವುದು. ಅಂಥವರು ಕಾಲನ್ನು ಕಂಬಳಿಯಿಂದ ಬೆಚ್ಚಗಿಡಬೇಕು, ಹಂಡೆಯ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿಯೇ ಕಾಲಿಗೆ ಹೊಯ್ದುಕೊಳ್ಳಬೇಕು, ಬಿಸಿನೀರಿನ ಚೀಲವನ್ನು ಬಳಸಲೇಬಾರದು. ಹಿಮ್ಮಡಿಯ ಒಡಕಿಗೆ ಮುರುಗಲ ತುಪ್ಪ ಅಥವಾ ಉಪ್ಪಾಗೆ ತುಪ್ಪ ಹಚ್ಚುವ ನಮ್ಮ ಕಡೆಯ ರೂಢಿ ಒಳ್ಳೆಯದೇ, ಅದು ಚರ್ಮವನ್ನು ಮೃದುವಾಗಿಡುತ್ತದೆ. ಆದರೆ ತುಪ್ಪವನ್ನು ಕುದಿಯುವಷ್ಟು ಬಿಸಿಮಾಡಿ ಒಡಕಿಗೆ ಬಿಡುವುದನ್ನು ನಿಲ್ಲಿಸಬೇಕು, ಬೆರಳಸಂದಿಗೆ ಯಾವ ಜಿಡ್ಡನ್ನೂ ಹಚ್ಚಬಾರದು. ಆಣಿ ಕರಗಿಸುವ ಪಟ್ಟಿಯಲ್ಲಿ ಆಮ್ಲವಿರುವುದರಿಂದ ಸಕ್ಕರೆ ಕಾಯಿಲೆಯವರು ಅದನ್ನು ಅಂಟಿಸಿಕೊಳ್ಳಬಾರದು, ಆಣಿಯನ್ನು ಬ್ಲೇಡಿನಿಂದ ಕೆತ್ತಿಕೊಳ್ಳಲೂ ಬಾರದು.

ಗಂಬೂಟು ಹಾಕುವವರು ಅದರೊಳಗಿನ ಬೆವರು ಮತ್ತು ಮಳೆನೀರು ದಿನವಿಡೀ ಬೆರಳಸಂದಿಯನ್ನು ಕೊಳೆಸುತ್ತವೆ ಎಂಬುದನ್ನು ಮರೆಯಬಾರದು. ಎರಡು ಜೊತೆ ಹತ್ತಿಯ ಕಾಲುಚೀಲ ಇಟ್ಟುಕೊಂಡು ಮಧ್ಯಾಹ್ನ ಊಟಕ್ಕೆ ಬಂದಾಗ ಬದಲಿಸುವುದು, ಹಾಕಿಕೊಳ್ಳುವ ಮೊದಲು ಬೂಟನ್ನು ಕವುಚಿ ಕೊಡವುವುದು ಇಷ್ಟನ್ನು ಮಾಡಿದರೆ ಅರ್ಧ ತೊಂದರೆ ತಪ್ಪುತ್ತದೆ.

ಯಾವುದು ಅಂದೇ ಹೊರಡಬೇಕಾದದ್ದು

ಒಡಕು, ಬೆರಳಸಂದಿಯ ತುರಿಕೆ, ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಡುವಾಗ ಹಿಮ್ಮಡಿಯಲ್ಲಿ ಚುಚ್ಚುವ ನೋವು ಇವು ಸಂತೆಯ ದಿನದವರೆಗೆ ಕಾಯಬಲ್ಲವು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ವಾಸನೆ ಬಂದರೆ, ಚಳಿಜ್ವರ ಬಂದರೆ, ಬೆರಳು ಕಪ್ಪಾದರೆ, ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಮರುದಿನದ ಬಸ್ಸಿಗೂ ಕಾಯಬಾರದು, 108ಕ್ಕೆ ಕರೆ ಮಾಡಬೇಕು. ಕರಾವಳಿಯ ಒದ್ದೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಗಾಯದ ಮೂಲಕ ಹೊಕ್ಕು ಮೆಲಿಯೊಯ್ಡೋಸಿಸ್ ಎಂಬ ಜ್ವರವನ್ನು ತರುತ್ತದೆ, ಸಕ್ಕರೆ ಕಾಯಿಲೆಯವರಲ್ಲಿ ಅದು ಬಹಳ ತೀವ್ರವಾಗಿರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಕಾಲಿನ ಗಾಯದ ಹಿಂದೆಯೇ ಜ್ವರ ಬಂದರೆ ಗದ್ದೆಯ ಕೆಸರಿನಲ್ಲಿ ನಿಂತಿದ್ದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಇನ್ನೆರಡು ಸ್ಥಿತಿಗಳು ನೋವಿಲ್ಲದ್ದರಿಂದಲೇ ಮೋಸಗೊಳಿಸುತ್ತವೆ. ಸಕ್ಕರೆ ಕಾಯಿಲೆಯವರ ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ, ಊದಿಕೊಂಡಿದ್ದು ಗಾಯವೂ ನೋವೂ ಅಷ್ಟಾಗಿ ಇಲ್ಲದಿದ್ದರೆ ಅದು ಶಾರ್ಕೋ ಪಾದವಿರಬಹುದು. ಒಳಗಿನ ಎಲುಬುಗಳು ಸದ್ದಿಲ್ಲದೆ ಮುರಿಯುತ್ತಿರುತ್ತವೆ, ಅದರ ಮೇಲೆ ನಡೆದಷ್ಟೂ ಪಾದದ ಕಮಾನು ಕುಸಿಯುತ್ತದೆ. ಪಾದ ಮೆಲ್ಲಗೆ ಗಂಟುಗಂಟಾಗಿ ಊದಿ, ಸಣ್ಣ ತೂತುಗಳಿಂದ ಕೀವಿನ ಜೊತೆ ಕಪ್ಪು ಅಥವಾ ಬಿಳಿ ಕಾಳಿನಂಥ ಕಣಗಳು ಬರುತ್ತಿದ್ದರೆ ಅದು ಮದುರಾ ಪಾದವಿರಬಹುದು. ಮಣ್ಣಿನ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ಮುಳ್ಳಿನ ಜೊತೆ ಹೊಕ್ಕು ಬರುವ ಈ ರೋಗಕ್ಕೆ ಮದುರೈಯಿಂದಲೇ ಆ ಹೆಸರು ಬಂದಿದೆ, ಬರಿಗಾಲಿನಲ್ಲಿ ದುಡಿಯುವವರಲ್ಲೇ ಅದು ಹೆಚ್ಚು.

ಉಳುಕೋ, ಮುರಿತವೋ

ಅಡಿಕೆ ತೋಟದ ಪಾಚಿಗಟ್ಟಿದ ಸಂಕದ ಮೇಲೆ ಜಾರಿ ಹರಡು ತಿರುಚಿದಾಗ ಎಕ್ಸ್‌ರೇಗಾಗಿ ಎರಡು ತಾಸು ಪ್ರಯಾಣ ಮಾಡಬೇಕೋ ಬೇಡವೋ ಎಂಬುದು ನಿಜವಾದ ಪ್ರಶ್ನೆ. ಕೆನಡಾದ ಒಟ್ಟಾವಾದ ವೈದ್ಯರು ರೂಪಿಸಿ 1992ರಲ್ಲಿ ಪ್ರಕಟಿಸಿದ ನಿಯಮ ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಬಿದ್ದ ಕೂಡಲೇ ನಾಲ್ಕು ಹೆಜ್ಜೆ ಇಡಲು ಆಗದೆ ಆಮೇಲೂ ಆಗದಿದ್ದರೆ, ಹರಡಿನ ಒಳ ಅಥವಾ ಹೊರ ಎಲುಬಿನ ತುದಿಯಲ್ಲಿ ಇಲ್ಲವೇ ಹಿಂಬದಿಯ ಅಂಚಿನ ಕೆಳಗಿನ 6 ಸೆಂಟಿಮೀಟರಿನಲ್ಲಿ ಒತ್ತಿದರೆ ನೋವಾದರೆ, ಕಿರುಬೆರಳಿನ ಕಡೆ ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಎಲುಬಿನಲ್ಲಿ ಅಥವಾ ಪಾದದ ಒಳ ಅಂಚಿನಲ್ಲಿ ಹರಡಿನ ತುಸು ಮುಂದಿರುವ ಎಲುಬಿನಲ್ಲಿ ನೋವಿದ್ದರೆ ಎಕ್ಸ್‌ರೇ ಬೇಕೇ ಬೇಕು. ಇವೊಂದೂ ಇಲ್ಲದಿದ್ದರೆ ಬಹುತೇಕ ಅದು ಉಳುಕು. ಬಟ್ಟೆಯಲ್ಲಿ ಸುತ್ತಿದ ತಣ್ಣನೆಯ ಪಟ್ಟಿ, ಹಗುರವಾದ ಕ್ರೇಪ್ ಬ್ಯಾಂಡೇಜು, ಕಾಲನ್ನು ಎತ್ತರದಲ್ಲಿ ಇಡುವುದು ಸಾಕಾಗುತ್ತದೆ. ಸ್ಪರ್ಶ ಕಳೆದುಕೊಂಡ ಪಾದಕ್ಕೆ ಈ ನಿಯಮ ಅನ್ವಯಿಸದು, ಏಕೆಂದರೆ ಅವರು ಮುರಿದ ಕಾಲಿನಲ್ಲೂ ನಡೆದುಬಿಡುತ್ತಾರೆ. ಎಲುಬು ಕೂರಿಸುವ ನಾಟಿ ವೈದ್ಯರ ಮೇಲೆ ನನಗೆ ಅಗೌರವವಿಲ್ಲ, ಆದರೆ ಹರಡಿನ ಮುರಿತದಲ್ಲಿ ಒಂದೆರಡು ಮಿಲಿಮೀಟರಿನ ವ್ಯತ್ಯಾಸವೂ ಮುಂದೆ ಕೀಲು ಸವೆಯಲು ಕಾರಣವಾಗುತ್ತದೆ, ಅದನ್ನು ಕೈಯಿಂದ ಮುಟ್ಟಿ ಅಳೆಯಲಾಗದು. ಎಕ್ಸ್‌ರೇಗೆ ಮೊದಲು ತಿಕ್ಕಿ ಎಳೆಯಲು ಯಾರಿಗೂ ಕಾಲು ಕೊಡಬಾರದು.

ಮುರಿದ ಕಾಲನ್ನು ಸಾಗಿಸಲು ಅಡಿಕೆ ಹಾಳೆ ಒಳ್ಳೆಯ ಆಧಾರ. ನೀರಿನಲ್ಲಿ ನೆನೆದ ಹಾಳೆಯನ್ನು ಮೀನಖಂಡದ ಹಿಂಬದಿಯಿಂದ ಅಂಗಾಲಿನ ಕೆಳಗೆ ಬರುವಂತೆ ಬಾಗಿಸಿ, ಒಳಗೆ ಮೆತ್ತನೆಯ ಬಟ್ಟೆ ಹಾಸಿ, ಕಾಲು ಇದ್ದ ಸ್ಥಿತಿಯಲ್ಲೇ ಹಗುರವಾಗಿ ಕಟ್ಟಬೇಕು; ಬೆರಳುಗಳು ಹೊರಗೆ ಕಾಣುತ್ತಿರಬೇಕು, ಅವು ನೀಲಿಯಾದರೆ ಅಥವಾ ಜೋಮುಹಿಡಿದರೆ ಕಟ್ಟನ್ನು ಸಡಿಲಿಸಬೇಕು. ಆಮೇಲೆ ಊರಿನವರು ಕಂಬಳಿಯ ಜೋಲಿಯಲ್ಲೋ ಕುರ್ಚಿಯಲ್ಲೋ ರಸ್ತೆಯವರೆಗೆ ಹೊತ್ತು ತರಬಹುದು.

ಯಾರ ಬಳಿಗೆ, ಏನನ್ನು ತೆಗೆದುಕೊಂಡು

ಪಾದಕ್ಕಾಗಿಯೇ ಇರುವ ವೈದ್ಯರು ನಮ್ಮ ಜಿಲ್ಲೆಯಲ್ಲಿ ಬಾಗಿಲಿಗೆ ಸಿಗುವವರಲ್ಲ. ಮುರಿತ ಮತ್ತು ವಕ್ರತೆಗೆ ಎಲುಬು ಮತ್ತು ಕೀಲು ತಜ್ಞರು, ಕೀವುಗಟ್ಟಿದ ಹುಣ್ಣಿಗೆ ಶಸ್ತ್ರಚಿಕಿತ್ಸಕರು, ನಾಡಿ ಸಿಗದ ತಣ್ಣನೆಯ ಪಾದಕ್ಕೆ ರಕ್ತನಾಳದ ಶಸ್ತ್ರಚಿಕಿತ್ಸಕರು ಬೇಕು ಎಂಬಷ್ಟು ತಿಳಿದಿದ್ದರೆ ಅಲೆದಾಟ ಕಡಿಮೆಯಾಗುತ್ತದೆ. ಮೊದಲ ಇಬ್ಬರಿಗಾಗಿ ತಾಲೂಕು ಆಸ್ಪತ್ರೆಯಲ್ಲಿ ಮತ್ತು ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬೇಕು. ರಕ್ತನಾಳದ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾದ ಬಾಂಬೋಲಿಮ್‌ನ ದಾರಿ ಹಿಡಿಯಬೇಕಾಗುತ್ತದೆ. ಬೆಂಗಳೂರಿನಲ್ಲಿ ಸರ್ಕಾರದ ಎಂಡೋಕ್ರೈನಾಲಜಿ ಸಂಸ್ಥೆಯಲ್ಲಿ ಪಾದದ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ನಾಡಿ ಸಿಗದ ಕಾಲಿನ ಹುಣ್ಣಿಗೆ ರಕ್ತನಾಳವನ್ನು ಪರೀಕ್ಷಿಸದೆ ಬೆರಳು ತೆಗೆಯಬೇಕೆಂದು ಯಾರಾದರೂ ಹೇಳಿದರೆ, ರಕ್ತಸಂಚಾರವನ್ನು ಮರಳಿಸಲು ಸಾಧ್ಯವೇ ಎಂದು ಕೇಳುವ ಹಕ್ಕು ರೋಗಿಗಿದೆ, ಕೇಳಲೇಬೇಕು.

ಅಷ್ಟು ದೂರ ಹೋಗುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಇ-ಸಂಜೀವನಿ ಎಂಬ ಸರ್ಕಾರಿ ದೂರವೈದ್ಯ ಸೇವೆಯ ಮೂಲಕ ತಜ್ಞರ ಅಭಿಪ್ರಾಯ ಪಡೆಯಲು ಸಾಧ್ಯವೇ ಎಂದು ಕೇಳಬಹುದು. ಅದಕ್ಕೆ ಫೋಟೊ ಮುಖ್ಯ: ಗಾಯವನ್ನು ತೊಳೆದು, ಅರಿಶಿನ, ಸುಣ್ಣ, ಸೊಪ್ಪಿನ ರಸ ಯಾವುದೂ ಇಲ್ಲದಂತೆ ಮಾಡಿ, ಜಗುಲಿಯ ಹಗಲು ಬೆಳಕಿನಲ್ಲಿ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ಮೇಲಿನಿಂದಲೂ ಅಂಗಾಲಿನ ಕಡೆಯಿಂದಲೂ, ಹೋಲಿಕೆಗೆ ಇನ್ನೊಂದು ಪಾದದ್ದನ್ನೂ ತೆಗೆಯಬೇಕು.

ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದವರೆಗೆ, ಸರ್ಕಾರ ಕೊಡುತ್ತದೆ. ತುರ್ತು ಸಂದರ್ಭವನ್ನು ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ಹುಬ್ಬಳ್ಳಿಗೆ ಹೋಗಿ ಅದಕ್ಕಾಗಿ ವಾಪಸು ಬರುವ ಬದಲು ಮೊದಲೇ ಪಡೆದುಕೊಳ್ಳಬೇಕು. ಜಿಲ್ಲೆಯ ಹೊರಗೆ, ವಿಶೇಷವಾಗಿ ಗೋವಾಕ್ಕೆ ಹೋಗುವವರು ಕಾರ್ಡು ಅಲ್ಲಿ ನಡೆಯುವುದೋ ಎಂದು ಫೋನಿನಲ್ಲಿ ಕೇಳಿಕೊಂಡೇ ಹೊರಡಬೇಕು. ಚೀಲದಲ್ಲಿ ಹಳೆಯ ಎಕ್ಸ್‌ರೇ, ಸಕ್ಕರೆಯ ಮೂರು ತಿಂಗಳ ಸರಾಸರಿಯ ವರದಿ, ಧನುರ್ವಾಯು ಚುಚ್ಚುಮದ್ದಿನ ದಿನಾಂಕ, ತಿನ್ನುತ್ತಿರುವ ಮಾತ್ರೆಗಳ ಪಟ್ಟಿಗಳು ಇರಬೇಕು, ಜೊತೆಗೆ ದಿನನಿತ್ಯ ತೋಟದಲ್ಲಿ ಹಾಕುವ ಚಪ್ಪಲಿಯೂ ಇರಬೇಕು. ಆಸ್ಪತ್ರೆಗೆಂದು ಮದುವೆಯ ಚಪ್ಪಲಿ ಹಾಕಿಕೊಂಡು ಹೋಗುವವರೇ ಹೆಚ್ಚು. ಸವೆದ ಚಪ್ಪಲಿಯ ಅಟ್ಟೆ ಎಲ್ಲಿ ಭಾರ ಬೀಳುತ್ತಿದೆ ಎಂಬುದನ್ನು ತಜ್ಞರಿಗೆ ಹೇಳಿಬಿಡುತ್ತದೆ.

ಹುಟ್ಟಿದ ಮಗುವಿನ ಪಾದ ಒಳಕ್ಕೆ ತಿರುಚಿದ್ದರೆ ಆಶಾ ಕಾರ್ಯಕರ್ತೆಯ ಮೂಲಕ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ ಕೂಡಲೇ ತಿಳಿಸಬೇಕು. ಪೊನ್ಸೆಟಿ ಕ್ರಮದಲ್ಲಿ ವಾರಕ್ಕೊಂದರಂತೆ ಸಾಮಾನ್ಯವಾಗಿ ಐದರಿಂದ ಏಳು ಪ್ಲಾಸ್ಟರ್ ಹಾಕಿ ಪಾದವನ್ನು ನೇರಗೊಳಿಸುತ್ತಾರೆ, ಬಳಿಕ ಮಗುವಿಗೆ ನಾಲ್ಕೈದು ವರ್ಷವಾಗುವವರೆಗೆ ರಾತ್ರಿ ವಿಶೇಷ ಬೂಟು ಹಾಕಬೇಕಾಗುತ್ತದೆ. ಮಳೆಗಾಲವಾದರೆ ಬಾಣಂತಿ ಮತ್ತು ಮಗು ಆ ಒಂದೂವರೆ ಎರಡು ತಿಂಗಳು ಪೇಟೆಯ ನೆಂಟರ ಮನೆಯಲ್ಲಿ ಉಳಿಯುವ ವ್ಯವಸ್ಥೆ ಮಾಡುವುದು ಒಳಿತು. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದನ್ನು ನಾವು ಕಂಡಿದ್ದೇವೆ.

ಮರಳಿ ಮನೆಗೆ ಬಂದ ಮೇಲೆ

ಅಂಗಾಲಿನ ಹುಣ್ಣು ಮುಲಾಮಿನಿಂದಷ್ಟೇ ಮಾಯುವುದಿಲ್ಲ, ಅದರ ಮೇಲೆ ಭಾರ ಬೀಳದಿದ್ದಾಗ ಮಾಯುತ್ತದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ದುಡಿದ ಡಾ. ಪಾಲ್ ಬ್ರಾಂಡ್ ಅವರು, ಆ ಪಾದಗಳು ಕೊಳೆಯುವುದು ನೋವಿನ ಎಚ್ಚರಿಕೆ ಇಲ್ಲದೆ ಗಾಯದ ಮೇಲೆಯೇ ನಡೆಯುವುದರಿಂದ ಎಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಅದೇ ಮಾತು ಸಲ್ಲುತ್ತದೆ. ತಜ್ಞರು ಪ್ಲಾಸ್ಟರ್ ಹಾಕಿದರೂ ವಿಶೇಷ ಬೂಟು ಕೊಟ್ಟರೂ ಕಾರಣ ಇದೇ. ಕೊಟ್ಟಿಗೆಗೆ ಹತ್ತೇ ಹೆಜ್ಜೆ ಎಂದು ಅದನ್ನು ಬಿಚ್ಚಿಟ್ಟು ಹೋಗುವುದು ನಮ್ಮಲ್ಲಿ ಸಾಮಾನ್ಯ, ದೊಡ್ಡಪ್ಪನೂ ಹಾಗೆಯೇ ಮಾಡಿದರು. ಮನೆಯವರು ಆ ಕೆಲವು ವಾರಗಳ ಮಟ್ಟಿಗೆ ಹಾಲು ಕರೆಯುವ, ಬಚ್ಚಲಿಗೆ ನೀರು ತುಂಬುವ ಕೆಲಸವನ್ನು ಹಂಚಿಕೊಳ್ಳದಿದ್ದರೆ ಯಾವ ತಜ್ಞರೂ ಏನೂ ಮಾಡಲಾರರು.

ಡಿಸ್ಚಾರ್ಜ್ ಪತ್ರದ ಒಂದು ಪ್ರತಿಯನ್ನು ಉಪಕೇಂದ್ರದ ಸಿಬ್ಬಂದಿಗೆ ಕೊಟ್ಟು, ಡ್ರೆಸ್ಸಿಂಗ್ ಯಾವ ದಿನ, ಯಾವ ಔಷಧಿಯಿಂದ ಎಂಬುದನ್ನು ಅದರಲ್ಲೇ ಬರೆಸಿಕೊಂಡು ಬಂದಿರಬೇಕು. ಎಂಸಿಆರ್ ಎಂಬ ಮೃದು ರಬ್ಬರಿನ ಚಪ್ಪಲಿಯನ್ನು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರಿಗೆ ಸರ್ಕಾರಿ ಕಾರ್ಯಕ್ರಮದಡಿ ಉಚಿತವಾಗಿ ಕೊಡುತ್ತಾರೆ, ಉಳಿದವರು ಕೊಳ್ಳಬೇಕಾಗುತ್ತದೆ. ಹೊಸ ಚಪ್ಪಲಿಯನ್ನು ಮೊದಲ ದಿನ ಒಂದು ತಾಸಿಗಿಂತ ಹೆಚ್ಚು ಹಾಕಬಾರದು. ತೆಗೆದ ಕೂಡಲೇ ಪಾದವನ್ನು ಬೆಳಕಿಗೆ ಹಿಡಿದು, ಪಟ್ಟಿ ತಾಗಿದ ಕಡೆ ಕೆಂಪಾಗಿದ್ದರೆ ಅದನ್ನು ಸಡಿಲಿಸಿಕೊಂಡು, ಮರುದಿನ ಮತ್ತೆ ಒಂದು ತಾಸು ಹಾಕಿ ನೋಡಬೇಕು.