ಮೈಕ್ ಒಂದೇ, ಅದೂ ಕೊನೆಯ ಭಾಗಕ್ಕೆ: ಜಯಮ್ಮನವರ ಬದುಕನ್ನು ರಂಗಕ್ಕೆ ತಂದ ನನ್ನ ಅನುಭವ

ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ಹಾಡುನಟಿ ಬಿ. ಜಯಮ್ಮನವರ ಬದುಕನ್ನು ಮೈಕ್ ಇಲ್ಲದೆ ಏಕವ್ಯಕ್ತಿ ಪ್ರಯೋಗವಾಗಿ ಆಡುತ್ತೇನೆ ಎಂದಾಗ ನನ್ನ ತಂಡದವರೇ ಒಪ್ಪಲಿಲ್ಲ. ನಾಲ್ಕನೇ ಸಾಲು ದಾಟಿ ದನಿ ಹೋಗುವುದಿಲ್ಲ ಎಂದರು. ಕಪ್ಪು ಬಿಳುಪು ಕಾಲದ ನಟಿಯನ್ನು ಈಗ ಯಾರು ನೋಡಲು ಬರುತ್ತಾರೆ ಎಂದವರೂ ಇದ್ದರು. ಈಗ ಮೂವತ್ತೆರಡೋ ಮೂವತ್ತಮೂರೋ ಪ್ರಯೋಗಗಳಾಗಿವೆ. ಹೋದ ತಿಂಗಳು ಅರಸೀಕೆರೆಯಲ್ಲಿ ಕಂದಪದ್ಯಕ್ಕೆ, ಅಂದರೆ ಕಂಪನಿ ನಾಟಕಗಳಲ್ಲಿ ರಾಗವಾಗಿ ಹಾಡುವ ನಾಲ್ಕು ಪಾದಗಳ ಪದ್ಯಕ್ಕೆ, ಎರಡು ಸಲ ವನ್ಸ್ ಮೋರ್ ಬಿತ್ತು. ಆ ಎರಡನೆಯ ಕೂಗು ಎದ್ದದ್ದು ಕಟ್ಟಕಡೆಯ ಸಾಲಿನಿಂದ. ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕರಡು ಅರವತ್ತು ಪುಟಗಳ ಜೀವನಚರಿತ್ರೆಯಾಗಿತ್ತು. 1915ರಲ್ಲಿ ಚಿಕ್ಕಮಗಳೂರಿನಲ್ಲಿ ಹುಟ್ಟಿದ್ದು, ಕಂಪನಿ ಸೇರಿದ್ದು, ವೀರಣ್ಣನವರ ಕೈಹಿಡಿದದ್ದು, 1988ರಲ್ಲಿ ತೀರಿಕೊಂಡದ್ದು, ಎಲ್ಲವನ್ನೂ ಸಾಲಾಗಿ ಪೋಣಿಸಿದ್ದೆ. ಹಿಂದೆ ಪ್ರೊಜೆಕ್ಟರ್, ಸೆರಗಿಗೆ ಕಾಲರ್ ಮೈಕ್. ಜರಿಯಂಚು ಮೈಕಿಗೆ ಉಜ್ಜಿದಾಗಲೆಲ್ಲ ಸಭಾಂಗಣದ ತುಂಬ ಗರಗರ ಸದ್ದು. ಒಂದು ಮುಕ್ಕಾಲು ಗಂಟೆಯಲ್ಲಿ ಅರ್ಧ ಜನ ಚಹಾಕ್ಕೆ ಎದ್ದು ಹೋದರು. ಹಾಗೆ ಐದು ಪ್ರಯೋಗ. ಸಭಾಂಗಣದ ಬಾಡಿಗೆ, ಟೆಂಪೊ, ಊಟ ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಕೈಬಿಟ್ಟಿತು. ಎರಡು ಬಳೆ ಅಡ ಇಟ್ಟೆ.

ಆಮೇಲೆ ಒಂದು ಸಂಜೆ ಜಯಮ್ಮನವರ ಕೆಲಸವನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದುಕೊಂಡು ಕುಳಿತಾಗ ಹೊಳೆಯಿತು. ಮೈಕ್ ಕಾಣದ ರಂಗದಲ್ಲಿ ಹಾಡಿ ಹೆಸರಾದ ಹೆಣ್ಣುಮಗಳು 1930ರ ದಶಕದ ಆರಂಭದಲ್ಲಿ ವೀರಣ್ಣನವರ ಮೂಕಿ ಚಿತ್ರಗಳಲ್ಲಿ ನಟಿಸಿದರು. ಹಾಡುಗಾರ್ತಿ ನಿಂತದ್ದು ದನಿಯನ್ನೇ ಹಿಡಿಯದ ಕ್ಯಾಮೆರಾದ ಮುಂದೆ! ಅದಾದ ಮೇಲೆ ಟಾಕಿ ಬಂತು, ದನಿ ಮರಳಿತು. ಆದರೆ ಅಷ್ಟು ದೊಡ್ಡ ದನಿ ಇನ್ನು ಬೇಕಾಗಿರಲಿಲ್ಲ. ನನಗೆ ಬೇಕಾದ ನಾಟಕ ಇಷ್ಟೇ ಆಗಿತ್ತು. ಮೊದಲ ಭಾಗ ಬರಿಯ ಕಂಠ, ನಡುವಿನದು ಮೌನ, ಕೊನೆಯದು ಮೈಕ್. ನಲವತ್ತು ಪುಟ ಹರಿದು ಹಾಕಿದೆ. ಇಸವಿಗಳಲ್ಲಿ ಮೂರನ್ನೋ ನಾಲ್ಕನ್ನೋ ಮಾತ್ರ ಉಳಿಸಿಕೊಂಡೆ. ಅವಧಿ ಒಂದೂಕಾಲು ಗಂಟೆಗೆ ಇಳಿಯಿತು.

ಕಷ್ಟವಿದ್ದದ್ದು ಮೊದಲ ಭಾಗದಲ್ಲಿ. ನನ್ನ ಶ್ರುತಿ ಹಾರ್ಮೋನಿಯಂನ ಬಿಳಿ ಮನೆಗಳಲ್ಲಿ ನಾಲ್ಕನೆಯದು, ಬಿಳಿ ನಾಲ್ಕು. ಆ ಶ್ರುತಿಯಲ್ಲಿ ಕಂದ ಹೇಳಿದರೆ ದನಿ ಎದೆಯ ಮುಂದೆಯೇ ಬಿದ್ದುಹೋಗುತ್ತದೆ. ನಮ್ಮ ಪೆಟ್ಟಿಗೆ (ಹಾರ್ಮೋನಿಯಂ) ಮಾಸ್ತರರಿಗೆ ಎಪ್ಪತ್ತು ದಾಟಿದೆ, ಹುಡುಗನಾಗಿದ್ದಾಗಿನಿಂದ ಕಂಪನಿಗಳಲ್ಲಿ ನುಡಿಸಿದವರು. "ಕಪ್ಪು ನಾಲ್ಕಕ್ಕೆ ಏರಿಸು, ಇಲ್ಲದಿದ್ದರೆ ಈ ನಾಟಕ ಬಿಡು" ಎಂದರು. ಅದು ಇನ್ನೂ ಎತ್ತರದ ಶ್ರುತಿ. ಅಲ್ಲಿಗೆ ಏರಲು ಸುಮಾರು ಒಂದು ವರ್ಷ ಹಿಡಿಯಿತು. ಬೆಳಗಿನ ಐದು ಗಂಟೆಗೆ ತೋಟದ ಬಾವಿಕಟ್ಟೆಯ ಮೇಲೆ ನಿಂತು ‘ಆ’ ಎಂದು ದನಿ ಎಳೆಯುವ ಆಕಾರ ಸಾಧನೆ. ಮಾಸ್ತರರು ತೆಂಗಿನ ಸಾಲಿನಲ್ಲಿ ಒಂದೊಂದೇ ಮರ ಹಿಂದಕ್ಕೆ ಹೋಗಿ ನಿಂತು, ಅಕ್ಷರ ಸ್ಪಷ್ಟವಾಗಿ ಕೇಳಿಸಿದರೆ ಮಾತ್ರ ಕೈ ಎತ್ತುತ್ತಿದ್ದರು. ಆತುರಪಟ್ಟು ಮೂರನೆಯ ತಿಂಗಳಲ್ಲೇ ಆಡಲು ಹೋದೆ, ಗಂಟಲು ಕಟ್ಟಿತು, ಇಪ್ಪತ್ತು ದಿನ ಮಾತೇ ಇಲ್ಲ. ಒಂಬತ್ತನೆಯ ಮರ ದಾಟಿದ ದಿನ ಮಾಸ್ತರರು ಓಡಿಬಂದು ನನ್ನ ತಲೆ ಸವರಿದರು. ಕಂದದ ಕೊನೆಯ ಪಾದವನ್ನು ಹಿಂದಿನ ಗೋಡೆಗೆ ಮುಟ್ಟಿಸುವ ಒಂದು ವಿಧಾನವಿದೆ. ಅದು ಮಾಸ್ತರರ ಸೊತ್ತು, ಅದನ್ನು ಇಲ್ಲಿ ಬರೆಯಲಾರೆ.

ಕಾಲಿನಿಂದ ಗಾಳಿ ತುಂಬುವ ಹಾರ್ಮೋನಿಯಂ ಕಾಲುಪೆಟ್ಟಿಗೆಯ ರಿಪೇರಿಗೆ ಆರೂವರೆ ಸಾವಿರ. ಉದ್ಯಾನವನದ ಚಿತ್ರವಿರುವ ರಂಗಪರದೆಗೆ ಇಪ್ಪತ್ತೆರಡು ಸಾವಿರ. ಹಳೆಯ ಪದ್ಧತಿಯಂತೆಯೇ ಅಂಟಿನಲ್ಲಿ ಪುಡಿಬಣ್ಣ ಕಲಸಿ ಬರೆಸಿದ್ದೆ. ತಿಪಟೂರಿನಿಂದ ಬರುವಾಗ ಟೆಂಪೊದ ತಾಡಪಾಲು ಹಾರಿ ಮಳೆ ಸುರಿಯಿತು. ಇಳಿಸಿ ಬಿಚ್ಚಿದರೆ ಕಾರಂಜಿ ಕರಗಿ ನವಿಲಿನ ಮೇಲೆ ಹರಿದಿತ್ತು. ಕೈಯಲ್ಲಿ ಒರೆಸಲು ಹೋದೆ, ಅಂಗೈಗೆ ನವಿಲಿನ ಕೊರಳಿನ ನೀಲಿ ಮೆತ್ತಿಕೊಂಡಿತು. ಅವತ್ತು ಅತ್ತದ್ದು ನಿಜ. ಈಗ ಆಯಿಲ್ ಪೇಂಟಿನ ಪರದೆ. ಭಾರ ಹೆಚ್ಚು, ಮಡಿಸಿದಲ್ಲಿ ಬಿರುಕು ಬಿಡುತ್ತದೆ, ಆದರೆ ನೀರಿಗೆ ಜಗ್ಗುವುದಿಲ್ಲ.

ನಡುವೆ ಕೆಲವು ಹೊಸ ಉಪಾಯಗಳನ್ನೂ ಮಾಡಿ ನೋಡಿದೆ. 1934ರ ‘ಕುರುಕ್ಷೇತ್ರ’ ನಾಟಕಕ್ಕೆ ಗುಬ್ಬಿ ಕಂಪನಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿತ್ತಲ್ಲ, ಅದನ್ನು ತೋರಿಸಲು ಆನೆ ಘೀಳಿಡುವ ರೆಕಾರ್ಡಿಂಗ್ ಹಾಕಿದೆ. ಜನ ನಕ್ಕರು, ತೆಗೆದೆ. ಈಗ ಪೆಟ್ಟಿಗೆಯ ಮಂದ್ರದ ಒಂದು ಸ್ವರ, ಜೊತೆಗೆ ನನ್ನ ಕಣ್ಣು ನಿಧಾನವಾಗಿ ಮೇಲೇರುವುದು, ಅಷ್ಟೇ ಸಾಕಾಗಿದೆ. ಹಳೆಯ ನಟರು ಮುಖಕ್ಕೆ ಬಳಿಯುತ್ತಿದ್ದ ಬಿಳಿ ಬಣ್ಣ ಸಫೇದ ಹಚ್ಚಿಯೂ ನೋಡಿದೆ. ಎಲ್‌ಇಡಿ ದೀಪದಲ್ಲಿ ಮುಖ ಸುಣ್ಣದ ಗೋಡೆಯಂತಾಗುತ್ತದೆ.

ಚೆನ್ನಾಗಿ ಕೂಡಿಬಂದದ್ದು ಮೂಕಿ ಭಾಗದ ಬೆಳಕು. ಹಳೆಯ ಮೂಕಿ ಫಿಲ್ಮಿನಲ್ಲಿ ಕೆಂಪು ಬಣ್ಣ ಕಪ್ಪಾಗಿ ಮೂಡುತ್ತಿತ್ತು ಎಂದು ಓದಿದ್ದೆ. ಎರಡು ದೀಪಗಳಿಗೆ ದಟ್ಟ ನೀಲಿ ಹಾಳೆ ಕಟ್ಟಿದೆ, ಖರ್ಚು ನೂರಾ ಅರವತ್ತು ರೂಪಾಯಿ. ಕೆಂಪು ಕುಂಕುಮ, ಕೆಂಪು ತುಟಿ ಎರಡೂ ಒಮ್ಮೆಗೇ ಕಪ್ಪಾದವು. ಕಂದ ಹಾಡುತ್ತಿರುವಾಗಲೇ ಬೆಳಕು ನೀಲಿಗೆ ತಿರುಗುತ್ತದೆ, ಬಾಯಿ ಆಡುತ್ತಲೇ ಇರುತ್ತದೆ, ದನಿ ಮಾತ್ರ ಇರುವುದಿಲ್ಲ. ಪೆಟ್ಟಿಗೆಯೂ ನಿಲ್ಲುತ್ತದೆ. ಐದು ನಿಮಿಷ ಹಾಗೆಯೇ. ಆ ಹೊತ್ತಿನಲ್ಲಿ ಸಭೆಯಲ್ಲಿ ಕೆಮ್ಮು ಕೂಡ ಕೇಳುವುದಿಲ್ಲ. ದನಿ ಕಡಿಯುವ ಜಾಗವನ್ನು ಎಲ್ಲಿ ಇಟ್ಟಿದ್ದೇನೆ ಎಂಬುದನ್ನು ಬಂದು ನೋಡಿಯೇ ತಿಳಿಯಬೇಕು.

ಮೂರನೆಯ ಭಾಗಕ್ಕೆ ಹುಡುಗನೊಬ್ಬ ಮೈಕ್ ತಂದು ನಡುರಂಗದಲ್ಲಿ ನಿಲ್ಲಿಸುತ್ತಾನೆ. 1941ರ ‘ಸುಭದ್ರಾ’, ಆಮೇಲೆ ‘ಹೇಮರೆಡ್ಡಿ ಮಲ್ಲಮ್ಮ’, 1945ರ ತೆಲುಗು ‘ಸ್ವರ್ಗಸೀಮ’, ಜಯಮ್ಮನವರು ನಟಿಸಿದ ಈ ಟಾಕಿ ಚಿತ್ರಗಳು ಇಲ್ಲಿ ಬರುತ್ತವೆ. ಮೊದಲೆರಡನ್ನು ಬೇಗ ದಾಟುತ್ತೇನೆ. ‘ಸ್ವರ್ಗಸೀಮ’ದಲ್ಲಿ ನಟ ನಾಗಯ್ಯನವರ ಎದುರು ಜಯಮ್ಮನವರದು ಗಂಡ ಬಿಟ್ಟುಹೋದ ಹೆಂಡತಿ ಕಲ್ಯಾಣಿಯ ಪಾತ್ರ. ನಟಿ ಭಾನುಮತಿಯವರ ಮಿಂಚಿನ ಪಾತ್ರದ ಪಕ್ಕದಲ್ಲಿ ಸದ್ದಿಲ್ಲದ ಪಾತ್ರ. ಚಿತ್ರದ ಒಂದು ಮಾತನ್ನೂ ಬಳಸದೆ, ಗಂಡನಿಗೆ ಅನ್ನ ಬಡಿಸಿಟ್ಟು ಬಾಗಿಲ ಕಡೆ ನೋಡುವ ಹೆಂಗಸನ್ನು ನಾನೇ ಕಟ್ಟಿಕೊಂಡೆ. ಒಂಬತ್ತು ಮರ ದಾಟಿದ ಅದೇ ದನಿಯಲ್ಲಿ ಇಲ್ಲಿ "ಸಾರು ಆರಿತು" ಎಂದು ಪಿಸುಗುಟ್ಟುತ್ತೇನೆ. ಸಾಲುಸಾಲಾಗಿ ಜನ ಮುಂದಕ್ಕೆ ಬಾಗುವುದು ರಂಗದಿಂದ ಕಾಣುತ್ತದೆ. ಅಷ್ಟು ದೊಡ್ಡ ಕಂಠದ ನಟಿ ಅದನ್ನು ಇಷ್ಟಕ್ಕೆ ಇಳಿಸಿಕೊಂಡರಲ್ಲ, ಆ ಸಾಧನೆಗೆ ಸಿಗಬೇಕಾದ ಮನ್ನಣೆ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ.

ಈಗ ಒಂದು ಪ್ರಯೋಗಕ್ಕೆ ಹದಿನೆಂಟು ಸಾವಿರ ಕೇಳುತ್ತೇನೆ. ಮಾಸ್ತರರಿಗೆ ಮೂರು, ತಬಲಾದವರಿಗೆ ಎರಡೂವರೆ, ಟೆಂಪೊಗೆ ನಾಲ್ಕು, ಬೆಳಕು ಮತ್ತು ಊಟಕ್ಕೆ ಮೂರು ಕಳೆದು ಐದೂವರೆ ನನಗೆ ಉಳಿಯುತ್ತದೆ. ಇನ್ನೂರೈವತ್ತು ಜನಕ್ಕಿಂತ ದೊಡ್ಡ ಸಭಾಂಗಣ ಒಪ್ಪುವುದಿಲ್ಲ, ತಗಡಿನ ಸೂರಿನ ಕಲ್ಯಾಣ ಮಂಟಪವನ್ನಂತೂ ಬೇಡವೇ ಬೇಡ ಎನ್ನುತ್ತೇನೆ. ಬಳೆಗಳಲ್ಲಿ ಒಂದನ್ನು ಬಿಡಿಸಿಕೊಂಡಿದ್ದೇನೆ. ಇನ್ನೊಂದು ಕಡೂರಿನ ಪ್ರಯೋಗ ಮುಗಿದ ಮೇಲೆ.