ದೋಸೆ ಕಾವಲಿಯ ಮೇಲೆ ಪಿಜ್ಜಾ ಸ್ಯಾಂಡ್‌ವಿಚ್

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಓವನ್ ಇಲ್ಲ, ಇಡಲು ಜಾಗವೂ ಇಲ್ಲ. ಮಕ್ಕಳಿಗೆ ಮಾತ್ರ ಪಿಜ್ಜಾ ಬೇಕು. ಅದಕ್ಕೆ ನಾನು ದೋಸೆ ಕಾವಲಿಯ ಮೇಲೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್ ಮಾಡುತ್ತೇನೆ, ಒಳಗೆ ಪಿಜ್ಜಾದ ರುಚಿ. ಇಲ್ಲಿ ಬೀದಿಯಲ್ಲಿ ಸಿಗುವ ಮಸಾಲಾ ಟೋಸ್ಟ್ ನನಗೂ ಇಷ್ಟ, ಆದರೆ ಅದರಲ್ಲಿ ಬಟಾಟೆ ಪಲ್ಯ, ಹಸಿರು ಚಟ್ನಿ ಇರುತ್ತದೆ. ಇದರದ್ದು ಬೇರೆಯೇ ದಾರಿ.

ಮುಖ್ಯವಾದದ್ದು ಸಾಸ್. ಬ್ರೆಡ್ ನೀರು ಕುಡಿಯುತ್ತದೆ, ಅಲ್ವಾ? ಸಾಸ್‌ನಲ್ಲಿ ನೀರು ಉಳಿದರೆ ಒಳಗೆಲ್ಲ ಮೆತ್ತಗೆ. ಮಾರುಕಟ್ಟೆಯಲ್ಲಿ ಹುಳಿ ಜಾಸ್ತಿ, ರಸ ಜಾಸ್ತಿ ಇರುವ ಗಾವಠಿ (ನಾಟಿ) ಟೊಮೆಟೊ ಸಾರಿಗೆ ಚೆನ್ನ, ಇದಕ್ಕೆ ನಾನು ಉದ್ದನೆಯ, ತಿರುಳು ಹೆಚ್ಚಿರುವ ಟೊಮೆಟೊ ತರುತ್ತೇನೆ. ನಾಲ್ಕು ಸ್ಲೈಸ್ ಬ್ರೆಡ್‌ಗೆ ಮೂರು ಹಣ್ಣು ಸಾಕು. ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ ಬಾಡಿಸಿ, ತುರಿದ ಟೊಮೆಟೊ, ಉಪ್ಪು, ಚಿಟಿಕೆ ಸಕ್ಕರೆ, ಸ್ವಲ್ಪ ಖಾರದ ಪುಡಿ ಹಾಕಿ, ಸೌಟಿನಿಂದ ಎಳೆದರೆ ಬಾಣಲೆಯ ತಳ ಕಂಡು ಹಾಗೇ ಕಾಣುತ್ತಿರುವಷ್ಟು ಗಟ್ಟಿಯಾಗುವವರೆಗೆ ಕುದಿಸುತ್ತೇನೆ. ಕೊನೆಗೆ ಒರೆಗಾನೊ. ಅದು ಮುಗಿದಿದ್ದರೆ ಬಾಲ್ಕನಿಯ ಕುಂಡದಿಂದ ಒಂದು ದೊಡ್ಡಪತ್ರೆ ಎಲೆ ಕಿತ್ತು ಸಣ್ಣಗೆ ಹೆಚ್ಚಿ ಹಾಕುತ್ತೇನೆ. ಎರಡರಲ್ಲೂ ಕಾರ್ವಕ್ರಾಲ್ ಎಂಬ ಒಂದೇ ಪರಿಮಳದ ಎಣ್ಣೆಯ ಅಂಶವಿದೆ, ಘಮ ಅಷ್ಟು ಹತ್ತಿರ. ಒಂದೇ ಎಲೆ ಸಾಕು, ಜಾಸ್ತಿಯಾದರೆ ತಂಬುಳಿ ನೆನಪಾಗುತ್ತದೆ.

ಚೀಸ್ ಎರಡು ಬಗೆ ಬೇಕು. ಮೊಝರೆಲ್ಲಾ ನೂಲಿನಂತೆ ಎಳೆಯುತ್ತದೆ, ಯಾಕೆಂದರೆ ಅದನ್ನು ಮಾಡುವಾಗಲೇ ಬಿಸಿನೀರಿನಲ್ಲಿ ಹಾಕಿ ಎಳೆದು ನಾದಿರುತ್ತಾರೆ. ಆದರೆ ಉಪ್ಪು, ರುಚಿ ಕಡಿಮೆ. ಪ್ರೊಸೆಸ್ಡ್ ಚೀಸ್ ಎಳೆಯುವುದಿಲ್ಲ, ನುಣ್ಣಗೆ ಕರಗಿ ರುಚಿ ಕೊಡುತ್ತದೆ. ಸುಮಾರು 80 ಗ್ರಾಂ ಮೊಝರೆಲ್ಲಾಕ್ಕೆ ಒಂದು ಅಮೂಲ್ ಕ್ಯೂಬ್ ತುರಿದು ಬೆರೆಸುತ್ತೇನೆ. ನೀರಲ್ಲಿ ತೇಲುವ ತಾಜಾ ಮೊಝರೆಲ್ಲಾ ಇದಕ್ಕೆ ಬೇಡ, ಮತ್ತೆ ಅದೇ ನೀರಿನ ಕಾಟ.

ಈರುಳ್ಳಿ, ಕ್ಯಾಪ್ಸಿಕಂ ಹಾಕುವುದಾದರೆ ಮೊದಲು ಜೋರು ಉರಿಯಲ್ಲಿ ಬಾಡಿಸಿಕೊಳ್ಳಿ. ಜೋಡಿಸುವಾಗ ಬ್ರೆಡ್‌ನ ಒಳಮೈಗೆ ಮೊದಲು ಚೀಸ್, ನಡುವೆ ಸಾಸ್ ಮತ್ತು ತರಕಾರಿ, ಮೇಲೆ ಮತ್ತೆ ಚೀಸ್. ಸಾಸ್ ಎಲ್ಲೂ ಬ್ರೆಡ್‌ಗೆ ತಾಗಬಾರದು. ಅಂಚಿನಲ್ಲಿ ಒಂದು ಬೆರಳಗಲ ಖಾಲಿ ಬಿಡಿ.

ಬೆಣ್ಣೆಯನ್ನು ಬ್ರೆಡ್‌ನ ಹೊರಮೈಗೆ ಸವರಿ, ಕಾವಲಿಗೆ ಸುರಿಯಬೇಡಿ. ಉರಿ ಸಣ್ಣದಿರಲಿ, ಮೇಲೆ ಮುಚ್ಚಳ ಇರಲಿ. ಮೊಝರೆಲ್ಲಾ 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, ಆದರೆ ಕಾವಲಿಯ ಬಿಸಿ ದಪ್ಪ ಬ್ರೆಡ್ ದಾಟಿ ಅಲ್ಲಿಗೆ ತಲುಪಲು ಸಮಯ ಬೇಕು, ಜೋರು ಉರಿ ಇಟ್ಟರೆ ಅಷ್ಟರಲ್ಲಿ ಹೊರಗೆ ಕರಕಲು. ಮಗುಚಿದ ಮೇಲೆ ಮುಚ್ಚಳ ಬೇಡ, ಹಬೆ ನಿಂತರೆ ಗರಿಗರಿ ಹೋಗುತ್ತದೆ. ಇಳಿಸಿ ಒಂದೆರಡು ನಿಮಿಷ ಜಾಲರಿಯ ಮೇಲಿಟ್ಟು ಆಮೇಲೆ ಕತ್ತರಿಸಿ, ಇಲ್ಲದಿದ್ದರೆ ಚೀಸ್ ಎಲ್ಲ ಹರಿದುಹೋಗುತ್ತದೆ.

ಸಾಸ್ ಮಿಕ್ಕರೆ ಫ್ರಿಜ್‌ನಲ್ಲಿ ಮೂರ್ನಾಲ್ಕು ದಿನ ಇರುತ್ತದೆ. ನಮ್ಮಲ್ಲಿ ಅದು ಮರುದಿನದ ದೋಸೆಗೇ ಖರ್ಚಾಗುತ್ತದೆ.