ಸೈಟ್ ಹೊಸದಾದ ಮೇಲೆ ಲಾಗಿನ್ ಆಗ್ತಿಲ್ವಾ?
ಸೈಟ್ ಹೊಸ ಸಾಫ್ಟ್‌ವೇರ್‌ಗೆ ಬದಲಾದ ಮೇಲೆ ಹಳೇ ಪಾಸ್‌ವರ್ಡ್ ತಪ್ಪು ಅಂತ ಬಂದರೆ, ಗಾಬರಿಯಲ್ಲಿ ಹೊಸ ಅಕೌಂಟ್ ತೆರೆಯಬೇಡಿ. ಆಮೇಲೆ ಎರಡನ್ನೂ ಒಂದು ಮಾಡಿಸೋದು ದೊಡ್ಡ ತಲೆನೋವು. ಪಾಸ್‌ವರ್ಡ್‌ಗಳನ್ನು ಸಾಮಾನ್ಯವಾಗಿ ಹ್ಯಾಶ್ ಮಾಡಿ, ಅಂದರೆ ಮತ್ತೆ ಮೂಲಕ್ಕೆ ತಿರುಗಿಸಲಾಗದ ಗುರುತಾಗಿ ಬದಲಿಸಿ, ಇಟ್ಟಿರುತ್ತಾರೆ. ಹೊಸ ವ್ಯವಸ್ಥೆಯ ಹ್ಯಾಶ್ ವಿಧಾನ ಬೇರೆಯಾದರೆ ಸರಿಯಾದ ಪಾಸ್‌ವರ್ಡೂ ಹೊಂದಿಕೆಯಾಗಲ್ಲ. ಅಕೌಂಟ್ ಅಲ್ಲೇ ಇರಬಹುದು. ‘ಫರ್ಗಾಟ್ ಪಾಸ್‌ವರ್ಡ್’ ಒತ್ತಿ. ಹೊಸ ಪಾಸ್‌ವರ್ಡ್ ಇಡುವ ರೀಸೆಟ್ ಲಿಂಕ್ ಇಮೇಲ್‌ಗೆ ಬರುತ್ತೆ, ಸ್ಪ್ಯಾಮ್ ಫೋಲ್ಡರನ್ನೂ ನೋಡಿ.

ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ. ರೀಸೆಟ್ ಲಿಂಕ್ ಹೋಗೋದು ಸೈಟ್ ಸೇರುವಾಗ ಕೊಟ್ಟ ಇಮೇಲ್‌ಗೆ. ಅದು ಬಿಟ್ಟುಬಂದ ಕಂಪನಿಯದ್ದೋ ಕಾಲೇಜಿನದ್ದೋ ಆಗಿದ್ದರೆ ದಾರಿ ಮುಚ್ಚಿದ ಹಾಗೇ. ಲಾಗಿನ್ ಆಗಿರುವವರು ದಯವಿಟ್ಟು ಇವತ್ತೇ ಪ್ರೊಫೈಲ್‌ನಲ್ಲಿ ಸ್ವಂತ ಇಮೇಲ್ ಹಾಕಿಬಿಡಿ. ಈಗಾಗಲೇ ಹೊರಗುಳಿದವರು ಹಳೇ ಯೂಸರ್‌ನೇಮ್, ಹಳೇ ಇಮೇಲ್, ಸೇರಿದ ವರ್ಷ ಬರೆದು ಅಡ್ಮಿನ್‌ಗೆ ಕಳಿಸಿ. ಪಾಸ್‌ವರ್ಡ್ ಮಾತ್ರ ಯಾರು ಕೇಳಿದರೂ ಕೊಡಬೇಡಿ.

ನೀವು ಬರೆದದ್ದು, ಹಾಕಿದ ಫೋಟೋಗಳ ಒಂದು ಪ್ರತಿ ನಿಮ್ಮಲ್ಲಿರಲಿ. ಸರ್ವರ್ ಬದಲಾವಣೆಯಲ್ಲಿ ಮೂರು ವರ್ಷಕ್ಕಿಂತ ಹಳೆಯ ಫೋಟೋ, ವಿಡಿಯೋ, ಹಾಡುಗಳು ಹೋಗಿರಬಹುದು ಅಂತ ಮೈಸ್ಪೇಸ್‌ನಂಥ ದೊಡ್ಡ ಸೋಶಿಯಲ್ ಮೀಡಿಯಾ ಸೈಟೇ ಹೇಳಿದ್ದು 2019ರಲ್ಲಿ ಸುದ್ದಿಯಾಗಿತ್ತು. ಸಾರ್ವಜನಿಕ ಪುಟವಾಗಿದ್ದರೆ ಅದರ ಹಳೇ ವಿಳಾಸ ಹಾಕಿ, ವೆಬ್ ಪುಟಗಳ ಹಳೇ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷೀನ್ ಅನ್ನೋ ಸೈಟ್‌ನಲ್ಲೂ ಹುಡುಕಿ ನೋಡಿ.